ಕಲ್ಲು ಕಟ್ಟುತ್ತಾ ಕಥೆ ಹೇಳುತ್ತಿದ್ದ ಅಜ್ಜನ ನೆನಪಿಗೆ ನಮ್ಮ ಕಡೆಯ ಯಾವ ಕಥೆ ಹೇಳಲಿ?

ಅರಸೀಕೆರೆ ಹುಡುಗಿ

ಎಲ್ಲರಿಗೂ ನಮಸ್ಕಾರ. ನಾನು ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ, ರಟ್ಲೆಂಡ್ ಹತ್ತಿರದ ಒಂದು ಚಿಕ್ಕ ಊರಲ್ಲಿ 11 ವರ್ಷದಿಂದ ಇದ್ದೇನೆ. ಹೋದ ವಾರ ನಮ್ಮೂರಿನ ಕಲ್ಲು ಕೆಲಸದ ಅಜ್ಜ ತೀರಿಕೊಂಡರು. 86 ವರ್ಷ. ಮನೆಯವರನ್ನು ಕೇಳದೆ ಹೆಸರು ಬರೆಯುವುದು ಬೇಡ ಅನಿಸಿತು. ನನ್ನ ಮಗಳು ಅವರನ್ನು ಕಲ್ಲಜ್ಜ ಎಂದು ಕರೆಯುತ್ತಿದ್ದಳು, ಇಲ್ಲೂ ಹಾಗೇ ಇರಲಿ.

ಬರುವ ಶನಿವಾರ ಊರಿನ ಹಾಲ್‌ನಲ್ಲಿ ಅವರ ನೆನಪಿಗೆ ಸೇರುತ್ತಿದ್ದೇವೆ. ಭಾಷಣ ಬೇಡ, ಬರುವವರು ಒಂದೊಂದು ಕಥೆ ತನ್ನಿ ಎಂದು ಅವರ ಮಗಳು ಹೇಳಿದ್ದಾರೆ. ನನಗೆ ಮಾತ್ರ, "ನಿಮ್ಮ ಊರಿನ ಕಥೆಯನ್ನೇ ಹೇಳಿ, ಅಪ್ಪ ಅದಕ್ಕೇ ಕಾಯುತ್ತಿದ್ದರು" ಅಂದರು. ಅದು ನಿಜ. ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ.

ಅವರ ಮುತ್ತಜ್ಜ ಐರ್ಲೆಂಡಿನ ಕ್ಲೇರ್ ಕಡೆಯವರು. 1845ರಲ್ಲಿ ಆಲೂಗಡ್ಡೆ ಬೆಳೆಗೆ ರೋಗ ಬಂದು ಬರ ಬಿತ್ತಲ್ಲ, ಹತ್ತು ಲಕ್ಷ ಜನ ಸತ್ತು ಇನ್ನೂ ಅಷ್ಟೇ ಜನ ದೇಶ ಬಿಟ್ಟರಲ್ಲ, ಆ ಕಾಲದಲ್ಲಿ ಬಂದು ವೆಸ್ಟ್ ರಟ್ಲೆಂಡಿನ ಅಮೃತಶಿಲೆ ಗಣಿಗೆ ಸೇರಿದವರು. ಕಲ್ಲಜ್ಜ ಹುಟ್ಟಿದ್ದು ಇಲ್ಲೇ. ಐರ್ಲೆಂಡ್ ನೋಡಿದ್ದು ಒಂದೇ ಸಲ. ಆದರೂ ಆ ಕಥೆಗಳೆಲ್ಲ ಅವರ ಬಾಯಲ್ಲಿ ಇದ್ದವು. ಅಜ್ಜಿ ಹೇಳಿದ್ದು, ಅಪ್ಪ ಹೇಳಿದ್ದು, ಗಣಿಯಲ್ಲಿ ಊಟದ ಹೊತ್ತಿಗೆ ಕೇಳಿದ್ದು.

ನಮಗೆ ಪರಿಚಯ ಆಗಿದ್ದು ಒಂದು ಗೋಡೆಯಿಂದ. ನಾವು ಬಂದ ಮೊದಲ ಚಳಿಗಾಲ ಮುಗಿದಾಗ ಹಿತ್ತಲಿನ ಕಲ್ಲುಗೋಡೆಯ ಒಂದು ತುಂಡು ಕುಸಿದಿತ್ತು. ಇಲ್ಲಿ ನೆಲದೊಳಗಿನ ನೀರು ಹೆಪ್ಪುಗಟ್ಟಿ ಉಬ್ಬುತ್ತದೆ, ಪ್ರತಿ ವಸಂತದಲ್ಲೂ ಹೊಲದಲ್ಲಿ ಹೊಸ ಕಲ್ಲು ಮೇಲೆ ಬಂದು ಕೂತಿರುತ್ತವೆ. ಗಾರೆ ಹಾಕಿದ ಗೋಡೆಯಾದರೆ ಬಿರುಕು ಬಿಡುತ್ತದೆ, ಗಾರೆ ಇಲ್ಲದ್ದು ಸ್ವಲ್ಪ ಅಲುಗಾಡಿ ಮತ್ತೆ ಕೂತುಕೊಳ್ಳುತ್ತದೆ. ನಮ್ಮದು ಕೂತುಕೊಳ್ಳಲಿಲ್ಲ. ಅವರು ಬಂದು ನಾಲ್ಕು ದಿನ ಕಟ್ಟಿದರು. ನಾನು ಮತ್ತು ಆಗ ಐದು ವರ್ಷದ ಮಗಳು ಮೆಟ್ಟಿಲ ಮೇಲೆ ಕೂತು ಕೇಳಿದೆವು. ಒಮ್ಮೆ ಕೈಗೆತ್ತಿಕೊಂಡ ಕಲ್ಲಿಗೆ ಜಾಗ ಸಿಗುವ ತನಕ ಕೆಳಗೆ ಇಡುತ್ತಿರಲಿಲ್ಲ. ಕಲ್ಲನ್ನು ಕೈಯಲ್ಲಿ ಈ ಕಡೆ ಆ ಕಡೆ ತಿರುಗಿಸುವಷ್ಟು ಹೊತ್ತು ಕಥೆ ಅಲ್ಲೇ ನಿಲ್ಲುತ್ತಿತ್ತು, ರಾಜಕುಮಾರ ಬಾಗಿಲು ತಟ್ಟಿದ್ದರೆ ತಟ್ಟುತ್ತಲೇ ಇರಬೇಕು. ಕಲ್ಲು ಟಕ್ ಎಂದು ಕೂತ ಮೇಲೇ ಬಾಗಿಲು ತೆರೆಯುತ್ತಿತ್ತು.

ಮೂರನೇ ದಿನ "ಈಗ ನಿನ್ನ ಸರದಿ, ನಿಮ್ಮ ಊರಿನ ಕಥೆ ಹೇಳು" ಅಂದರು. ನನಗೆ ಯಾವ ಕಥೆಯೂ ಬರುವುದಿಲ್ಲ ಅಂದೆ. ಅದಕ್ಕೆ ಅವರು ಕಥೆಯೇ ಗೊತ್ತಿಲ್ಲದ ಒಬ್ಬನ ಕಥೆ ಹೇಳಿದರು. ರಾತ್ರಿ ಆಶ್ರಯ ಕೊಟ್ಟ ಮನೆಯವರು ಒಂದು ಕಥೆ ಹೇಳಪ್ಪಾ ಅನ್ನುತ್ತಾರೆ, ಅವನು ಗೊತ್ತಿಲ್ಲ ಅನ್ನುತ್ತಾನೆ, ಸುಮ್ನೆ ಯಾವುದೋ ಕೆಲಸಕ್ಕೆ ಹೊರಗೆ ಕಳಿಸುತ್ತಾರೆ. ಆ ಒಂದು ರಾತ್ರಿಯಲ್ಲಿ ಹೆಣ ಹೊರುವುದೂ ಸೇರಿ ಏನೇನೋ ಆಗಿಹೋಗುತ್ತದೆ. ಕೊನೆಗೆ, "ಇನ್ನು ಯಾರಾದರೂ ಕೇಳಿದರೆ ಹೇಳುವುದಕ್ಕೆ ನಿನಗೊಂದು ಕಥೆ ಆಯಿತಲ್ಲ" ಅನ್ನುತ್ತಾರೆ. ಅವತ್ತಿನಿಂದ ನನ್ನ ಮೇಲೆ ಒಂದು ಕಥೆಯ ಸಾಲ ಇದೆ. ಪ್ರತಿ ವರ್ಷ ಕೇಳುತ್ತಿದ್ದರು. ಮುಂದಿನ ಸಲ ಹೇಳುತ್ತೇನೆ ಅನ್ನುತ್ತಿದ್ದೆ. ಈಗ ಅದು ತುಂಬಾ ನೋಯುತ್ತಿದೆ.

ಇನ್ನೊಂದು ವಿಷಯ. ಮಗಳು ಕಲ್ಲಜ್ಜ ಎಂದರೆ ಏನು ಎಂದು ಹೇಳಿದಾಗ ಕನ್ನಡದಲ್ಲಿ ಬರೆದು ತೋರಿಸು ಅಂದರು. ಒಂದು ಚೂರು ಅಮೃತಶಿಲೆಯ ಮೇಲೆ ಅದನ್ನೇ ಕೆತ್ತಿದರು. ಲ ಮತ್ತು ಜ ಒತ್ತಕ್ಷರಗಳನ್ನು ಬಹಳ ಹೊತ್ತು ನೋಡಿ, "ನಿಮ್ಮ ಅಕ್ಷರ ಮಾಡಿದವನು ಕಲ್ಲು ಕಟ್ಟುವವನೇ ಇರಬೇಕು, ದೊಡ್ಡದು ಅಲುಗಾಡದ ಹಾಗೆ ಅಡಿಗೆ ಚಿಕ್ಕದನ್ನು ಸಿಕ್ಕಿಸಿದ್ದಾನೆ" ಅಂದರು. ನಾನು ಆವರೆಗೆ ಒತ್ತಕ್ಷರವನ್ನು ಹಾಗೆ ನೋಡಿರಲೇ ಇಲ್ಲ.

ಐದು ನಿಮಿಷದಲ್ಲಿ ಇಂಗ್ಲಿಷಿನಲ್ಲಿ ಹೇಳಬಹುದಾದ ಕಥೆ ಬೇಕು. ದಯವಿಟ್ಟು ಸಹಾಯ ಮಾಡಿ.

ಕೈದಾಳದ ದಾರಿ

ನಿಮ್ಮ ಕಲ್ಲಜ್ಜನಿಗೆ ನನ್ನ ನಮಸ್ಕಾರ. ಕಲ್ಲು ಕೆಲಸದವರಿಗೆ ಹೇಳುವುದಾದರೆ ಜಕಣಾಚಾರಿಯ ಕಥೆಯನ್ನು ಬಿಟ್ಟು ಬೇರೆ ಯಾಕೆ ಹುಡುಕಬೇಕು? ಬೇಲೂರಿನಲ್ಲಿ ವಿಗ್ರಹ ಕೆತ್ತುತ್ತಿದ್ದ ಜಕಣನಿಗೆ, ಒಬ್ಬ ಅಪರಿಚಿತ ಹುಡುಗ ಬಂದು ಈ ಕಲ್ಲಿನಲ್ಲಿ ದೋಷ ಇದೆ ಅನ್ನುತ್ತಾನೆ. ದೋಷ ಇದ್ದರೆ ನನ್ನ ಬಲಗೈ ಕಡಿದುಕೊಳ್ಳುತ್ತೇನೆ ಎಂದು ಜಕಣ ಪಂಥ ಕಟ್ಟುತ್ತಾನೆ. ವಿಗ್ರಹಕ್ಕೆಲ್ಲ ಗಂಧ ಬಳಿಯುತ್ತಾರೆ. ಎಲ್ಲ ಕಡೆ ಒಣಗುತ್ತದೆ, ಹೊಕ್ಕುಳ ಸುತ್ತ ಮಾತ್ರ ಹಸಿ. ಅಲ್ಲಿ ಉಳಿ ಇಟ್ಟರೆ ನೀರು ಬರುತ್ತದೆ, ಒಳಗಿಂದ ಕಪ್ಪೆ ಬರುತ್ತದೆ. ಹುಡುಗ ಬೇರೆ ಯಾರೂ ಅಲ್ಲ, ಅಪ್ಪನನ್ನು ಹುಡುಕಿಕೊಂಡು ಬಂದ ಮಗ ಡಂಕಣ. ಕಡಿದ ಕೈ ಮತ್ತೆ ಬಂದದ್ದು ನಮ್ಮ ತುಮಕೂರಿನ ಹತ್ತಿರದ ಕೈದಾಳದಲ್ಲಿ, ಅದಕ್ಕೇ ಊರಿಗೆ ಆ ಹೆಸರು ಎಂದು ನಮ್ಮಲ್ಲಿ ಹೇಳುತ್ತಾರೆ.

ಆದರೆ ಒಂದು ಮಾತು, ಇದನ್ನು ಚರಿತ್ರೆ ಎಂದು ಹೇಳಬೇಡಿ, ಐತಿಹ್ಯ ಎಂದೇ ಹೇಳಿ. ಬೇಲೂರಿನ ಶಾಸನಗಳಲ್ಲಿ ಜಕಣಾಚಾರಿ ಇಲ್ಲ. ಅಲ್ಲಿ ತಮ್ಮ ಹೆಸರನ್ನು ತಾವೇ ಕೆತ್ತಿಟ್ಟ ನಿಜವಾದ ಶಿಲ್ಪಿಗಳು ಇದ್ದಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಅಪ್ಪ ಮಗ ಇಬ್ಬರೂ ಅದೇ ಗುಡಿಯಲ್ಲಿ ಕೆಲಸ ಮಾಡಿದ್ದಾರೆ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಗುಡಿ ಎಂದು ಎಲ್ಲರೂ ಹೇಳುತ್ತಾರೆ, ಕೆತ್ತಿದವರ ಹೆಸರು ಎಷ್ಟು ಜನರಿಗೆ ಗೊತ್ತು ಹೇಳಿ. ಕಥೆ ಮುಗಿಸಿ ಆ ಎರಡು ಹೆಸರನ್ನೂ ಹೇಳಿ ಬನ್ನಿ, ವರ್ಮಾಂಟಿನಲ್ಲೂ ಒಮ್ಮೆ ಕೇಳಿಸಲಿ.

ಗಾಲ್ವೇ ಮಳೆ

ನಾನು ಐರ್ಲೆಂಡಿನಲ್ಲಿ ನರ್ಸ್. ಓದಿ ಕಣ್ಣು ತುಂಬಿತು. ಇಲ್ಲಿ ಕಲ್ಲು ಮತ್ತು ಕಥೆ ಮೊದಲಿಂದಲೂ ಒಟ್ಟಿಗೇ ಇವೆ. ಗೋಬಾನ್ ಸೇರ್ ಎಂದು ಇವರ ಜಕಣಾಚಾರಿ ಒಬ್ಬ ಇದ್ದಾನೆ. ನಿಮ್ಮ ಅಜ್ಜ ಅವನ ಕಥೆ ಖಂಡಿತ ಹೇಳಿರುತ್ತಾರೆ. ಗೋಬಾನ್ ಮತ್ತು ಮಗ ರಾಜನ ಅರಮನೆ ಕಟ್ಟಲು ಹೊರಡುತ್ತಾರೆ. "ದಾರಿಯನ್ನು ಚಿಕ್ಕದು ಮಾಡು ಮಗಾ" ಅನ್ನುತ್ತಾನೆ ಅಪ್ಪ. ಮಗನಿಗೆ ಅರ್ಥ ಆಗುವುದಿಲ್ಲ, ಇಬ್ಬರೂ ಮನೆಗೆ ವಾಪಸ್. ಮತ್ತೆ ಹೊರಟಾಗಲೂ ಹಾಗೇ. ಕೊನೆಗೆ ಸೊಸೆ ಗುಟ್ಟು ಹೇಳಿಕೊಡುತ್ತಾಳೆ, ದಾರಿ ಚಿಕ್ಕದಾಗಬೇಕಾದರೆ ಕಥೆ ಹೇಳಬೇಕು ಅಷ್ಟೇ. ಅದಕ್ಕೇ ಗೋಬಾನ್ ಅಂಥ ಸೊಸೆಯನ್ನು ಹುಡುಕಿ ತಂದದ್ದು. ಕುರಿಯ ಚರ್ಮ ಮಾರಿ ಹಣವನ್ನೂ ತಾ, ಚರ್ಮವನ್ನೂ ವಾಪಸ್ ತಾ ಎಂದು ಮಗನನ್ನು ಸಂತೆಗೆ ಕಳಿಸಿದಾಗ, ಉಣ್ಣೆ ಕಿತ್ತುಕೊಂಡು ಹಣ ಕೊಟ್ಟು ಚರ್ಮ ಹಿಂದಿರುಗಿಸಿದ ಹುಡುಗಿ ಅವಳು.

1937ರಿಂದ 1939ರ ತನಕ ಇಲ್ಲಿ ಸುಮಾರು 5,000 ಶಾಲೆಗಳ ಮಕ್ಕಳು ಮನೆಯ ಹಿರಿಯರಿಂದ ಕಥೆ ಕೇಳಿ ಬರೆದುಕೊಂಡು ಬಂದರು. ಸುಮಾರು 7,40,000 ಪುಟ. ಈಗ ಎಲ್ಲರೂ ಓದುವ ಹಾಗೆ ಇಂಟರ್ನೆಟ್ಟಿನಲ್ಲಿ ಹಾಕಿದ್ದಾರೆ. ಕ್ಲೇರ್ ಭಾಗದ್ದನ್ನು ತೆರೆದು ನೋಡಿ, ಅಜ್ಜ ಹೇಳಿದ್ದು ಯಾವುದೋ ಮಗುವಿನ ಕೈಬರಹದಲ್ಲಿ ಸಿಕ್ಕರೂ ಸಿಗಬಹುದು. ಸಿಕ್ಕಿದರೆ ಅವರ ಮಗಳಿಗೆ ಪ್ರಿಂಟ್ ತೆಗೆದು ಕೊಡಿ. ಗಾರೆಯಿಲ್ಲದ ಗೋಡೆ ಕಟ್ಟುವ ವಿದ್ಯೆಗೆ ಯುನೆಸ್ಕೋ ಪಟ್ಟಿಯಲ್ಲಿ 2024ರಲ್ಲಿ ಐರ್ಲೆಂಡಿನ ಹೆಸರೂ ಸೇರಿತು, ಅದನ್ನೂ ಹೇಳಿ. ಇನ್ನೊಂದು ನೆನಪಾಯಿತು. ಕಾರ್ಕ್ ಕಡೆಯ ಗೂಗನ್ ಬಾರಾದಲ್ಲಿ ಹೆಸರಾಂತ ಕಥೆಗಾರ ಟೇಲರ್ ಬಕ್ಲಿಯ ಸಮಾಧಿ ಇದೆ. ಆ ಸಮಾಧಿಯ ಕಲ್ಲು ಕೆತ್ತಿದ್ದು ಶೇಮಸ್ ಮರ್ಫಿ, ಹದಿಹರೆಯದಲ್ಲೇ ಕಲ್ಲು ಕೆಲಸಕ್ಕೆ ಸೇರಿದವರು.

ಹಾಲ್‌ನಲ್ಲಿ ಜನ ನಕ್ಕರೆ ಗಾಬರಿ ಆಗಬೇಡಿ. ಇಲ್ಲಿ ಸಾವಿನ ಮನೆಯಲ್ಲಿ ಅಳುವುದೂ ನಗುವುದೂ ಎರಡೂ ಇರುತ್ತವೆ. ನಾನು ಮೊದಲ ಸಲ ಹೋದಾಗ ನನಗೆ ವಿಚಿತ್ರ ಅನಿಸಿತ್ತು. ಈಗ ಅನಿಸುವುದಿಲ್ಲ.

ಸಂಜೆದೀಪ

ಜಕಣಾಚಾರಿ ಒಳ್ಳೆಯ ಕಥೆಯೇ, ಒಪ್ಪುತ್ತೇನೆ. ಆದರೆ ಅಪ್ಪನನ್ನು ಈಗಷ್ಟೇ ಕಳೆದುಕೊಂಡ ಮಗಳ ಮುಂದೆ, ಕಲ್ಲಿನಲ್ಲಿ ದೋಷ, ಕೈ ಕಡಿದುಕೊಳ್ಳುವುದು ಇದೆಲ್ಲ ಬೇಕಾ? ಬೇಡ ಅಂತ ನನಗೆ ಅನಿಸುತ್ತದೆ.

ನಿಮ್ಮ ಪ್ರಶ್ನೆಯಲ್ಲೇ ಉತ್ತರ ಇದೆ ಅಲ್ವಾ? ಅವರು ಕಥೆ ಇಲ್ಲದವನ ಕಥೆ ಹೇಳಿದರು. ಅದಕ್ಕೆ ಜೋಡಿಯಾಗಿ ನಮ್ಮಲ್ಲಿ ಕಥೆ ಇದ್ದೂ ಹೇಳದವಳ ಕಥೆ ಇದೆ. ಎ.ಕೆ. ರಾಮಾನುಜನ್ ಕನ್ನಡದಿಂದ ಸಂಗ್ರಹಿಸಿದ ಜನಪದ ಕಥೆ ಅದು. ಒಬ್ಬಳಿಗೆ ಒಂದು ಕಥೆ, ಒಂದು ಹಾಡು ಗೊತ್ತಿತ್ತು. ಯಾರಿಗೂ ಹೇಳುತ್ತಿರಲಿಲ್ಲ. ಒಳಗೇ ಇದ್ದು ಇದ್ದು ಅವುಗಳಿಗೆ ಉಸಿರು ಕಟ್ಟಿತು. ಒಂದು ದಿನ ಅವಳು ಬಾಯಿ ತೆರೆದು ಮಲಗಿದ್ದಾಗ ಕಥೆ ಹೊರಗೆ ಜಾರಿ ಬಾಗಿಲ ಬಳಿ ಒಂದು ಜೊತೆ ಚಪ್ಪಲಿಯಾಯಿತು. ಹಾಡು ಗಂಡಸರ ಕೋಟಾಗಿ ಗೂಟಕ್ಕೆ ನೇತುಹಾಕಿಕೊಂಡಿತು. ಗಂಡ ಬಂದು ಯಾರದಿದು ಎಂದ. ಅವಳು ಗೊತ್ತಿಲ್ಲ ಎಂದಳು. ಜಗಳವಾಗಿ ಗಂಡ ಹನುಮಂತನ ಗುಡಿಗೆ ಹೋಗಿ ಮಲಗಿದ. ರಾತ್ರಿ ಊರಿನ ಮನೆಗಳಲ್ಲಿ ಆರಿಸಿದ ದೀಪಗಳೆಲ್ಲ ಆ ಗುಡಿಗೆ ಬಂದು ಸೇರಿ ಹರಟೆ ಹೊಡೆಯುತ್ತವಂತೆ. ತಡವಾಗಿ ಬಂದ ಅವರ ಮನೆಯ ದೀಪ ನಡೆದದ್ದೆಲ್ಲ ಹೇಳಿತು. ಗಂಡನ ಅನುಮಾನ ಹೋಯಿತು. ಮನೆಗೆ ಬಂದು ಆ ಕಥೆ, ಆ ಹಾಡು ಯಾವುದು ಹೇಳು ಎಂದ. ಯಾವ ಕಥೆ, ಯಾವ ಹಾಡು ಎಂದಳು ಅವಳು.

ಇಷ್ಟೇ. ಐದು ನಿಮಿಷವೂ ಬೇಡ. ಹೇಳುವ ಮೊದಲು ನಿಮ್ಮ ಸಾಲದ ವಿಷಯ ಹೇಳಿ.

ಗಾರೆಯವರ ಮಗ

ಸಂಜೆದೀಪ ಹೇಳಿದ್ದೇ ಸರಿ. ನನ್ನದು ಒಂದೇ ಮಾತು. ನಮ್ಮ ಅಪ್ಪ ಕೋಲಾರದಲ್ಲಿ ಮೂವತ್ತು ವರ್ಷ ಕಲ್ಲು ಕಟ್ಟಡದ ಕೆಲಸ ಮಾಡಿದವರು. ಕಲ್ಲಿನ ಗೋಡೆಯಲ್ಲಿ ನೋಡುವವರಿಗೆ ಕಾಣುವುದು ಮುಖದ ಕಲ್ಲು. ಎರಡು ಮುಖದ ನಡುವೆ ಹೊಟ್ಟೆಯಲ್ಲಿ ಚಿಕ್ಕ ಚಿಕ್ಕ ಕಲ್ಲನ್ನು ಒಂದೊಂದಾಗಿ ಕೈಯಲ್ಲಿ ತುಂಬಬೇಕು. ಸೋಮಾರಿ ಆದವನು ಬುಟ್ಟಿಯಲ್ಲಿ ಜಲ್ಲಿ ಸುರಿದು ಮುಗಿಸುತ್ತಾನೆ, ನಾಲ್ಕು ಮಳೆಗೆ ಗೋಡೆ ಹೊಟ್ಟೆ ಬಿಡುತ್ತದೆ. ಕಲ್ಲಿನ ಉದ್ದವನ್ನು ಗೋಡೆಯ ಒಳಕ್ಕೆ ಇಡಬೇಕು, ಉದ್ದ ಕಾಣಲಿ ಎಂದು ಅಡ್ಡ ಇಟ್ಟರೆ ಚೆಂದ ಕಾಣುತ್ತದೆ, ನಿಲ್ಲುವುದಿಲ್ಲ. ಸಂದಿಯ ಮೇಲೆ ಸಂದಿ ಬರಬಾರದು. ಅಲ್ಲಲ್ಲಿ ಈ ಮುಖದಿಂದ ಆ ಮುಖದ ತನಕ ಹಾಯುವ ಒಂದು ಉದ್ದ ಕಲ್ಲು ಹಾಕಲೇಬೇಕು. ಅದಿಲ್ಲದಿದ್ದರೆ ಅದು ಒಂದು ಗೋಡೆಯಲ್ಲ, ಪಕ್ಕಪಕ್ಕ ನಿಂತ ಎರಡು ಗೋಡೆ.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಅವರು ನಾಲ್ಕು ದಿನ ಕೆಲಸ ಮಾಡಿದ್ದನ್ನು ನೀವು ಕೂತು ನೋಡಿದ್ದೀರಿ. ಕಥೆಯ ಜೊತೆ ಅದನ್ನೂ ಹೇಳಿ. ಅಪ್ಪ ಸತ್ತಾಗ ಬಂದವರೆಲ್ಲ ಒಳ್ಳೆಯ ಮನುಷ್ಯ ಅಂದರು. ಅವರು ಕಟ್ಟಿದ ಒಂದು ಗೋಡೆಯ ಬಗ್ಗೆ ಒಬ್ಬರಾದರೂ ಮಾತಾಡಿದ್ದರೆ ನನಗೆ ಎಷ್ಟು ಸಮಾಧಾನ ಆಗುತ್ತಿತ್ತು.

ಅರಸೀಕೆರೆ ಹುಡುಗಿ

ಎಲ್ಲರಿಗೂ ತುಂಬಾ ತುಂಬಾ ಥ್ಯಾಂಕ್ಸ್. ಹೋಗಿ ಬಂದೆ, ಅದಕ್ಕೇ ಬರೆಯುತ್ತಿದ್ದೇನೆ.

ನೂರಕ್ಕೂ ಜಾಸ್ತಿ ಜನ ಬಂದಿದ್ದರು, ಕುರ್ಚಿ ಸಾಲದೆ ಕಿಟಕಿ ಕಟ್ಟೆಯ ಮೇಲೆಲ್ಲ ಕೂತಿದ್ದರು. ಒಬ್ಬರು ಈ ಬೆಟ್ಟದ ಗೋಡೆಗಳ ಬಗ್ಗೆ ಹೇಳಿದರು. 1840ರಲ್ಲಿ ವರ್ಮಾಂಟಿನಲ್ಲಿ 16 ಲಕ್ಷಕ್ಕೂ ಜಾಸ್ತಿ ಕುರಿಗಳಿದ್ದವಂತೆ, ಆ ಕಾಲದ ಎಷ್ಟೋ ಗೋಡೆಗಳು ಈಗ ಕಾಡಿನ ನಡುವೆ ಯಾರಿಗೂ ಬೇಡವಾಗಿ ನಿಂತಿವೆ. ಕಲ್ಲಜ್ಜ ಬೇಟೆಗೆ ಹೋದಾಗಲೂ ಅವುಗಳಿಂದ ಬಿದ್ದ ಕಲ್ಲನ್ನು ಎತ್ತಿಟ್ಟು ಬರುತ್ತಿದ್ದರಂತೆ. ಯಾರ ಜಮೀನು, ಯಾರು ದುಡ್ಡು ಕೊಡುತ್ತಾರೆ ಎಂದೆಲ್ಲ ಇಲ್ಲ.

ನಾನು ಹೇಳದ ಕಥೆಯ ಕಥೆ ಹೇಳಿದೆ. ಮೊದಲು ನನ್ನ ಸಾಲದ ವಿಷಯ ಹೇಳುವಾಗ ಗಂಟಲು ಕಟ್ಟಿತು. ಚಪ್ಪಲಿಯ ಹತ್ತಿರ ಬಂದಾಗ ಜನ ನಕ್ಕರು, ಗಾಲ್ವೇಯವರು ಹೇಳಿದ್ದರಿಂದ ಗಾಬರಿ ಆಗಲಿಲ್ಲ. ದೀಪಗಳು ಗುಡಿಯಲ್ಲಿ ಸೇರುವ ಜಾಗದಲ್ಲಿ ಎಲ್ಲರೂ ಗಪ್‌ಚಿಪ್. ಆಮೇಲೆ ದಾಸೋಜ, ಚಾವಣ ಎರಡೂ ಹೆಸರು ಹೇಳಿದೆ. ಗಾರೆಯವರ ಮಗ, ನಿಮ್ಮ ಮಾತು ಮರೆಯಲಿಲ್ಲ. ನಮ್ಮ ಹಿತ್ತಲಿನ ಗೋಡೆಯ ಹೊಟ್ಟೆ ತುಂಬಲು ಅವರು ಪೂರ್ತಿ ಒಂದು ದಿನ ತೆಗೆದುಕೊಂಡರು, ಒಂದು ಕಲ್ಲನ್ನೂ ಎಸೆಯಲಿಲ್ಲ, ಎಲ್ಲ ಕೈಯಿಂದಲೇ ಇಟ್ಟರು ಎಂದು ಹೇಳಿದೆ. ಅವರ ಹತ್ತಿರ ಕೆಲಸ ಕಲಿತ ಇಬ್ಬರು ಹಿಂದಿನ ಸಾಲಿನಲ್ಲಿದ್ದರು. ಇಬ್ಬರೂ ತಲೆ ಆಡಿಸಿದರು.

ಮರುದಿನ ಅವರಲ್ಲಿ ಒಬ್ಬರು ಮನೆಗೆ ಬಂದರು. ಈ ಚಳಿಗೆ ಗೋಡೆಯ ಮೇಲಿನ ಸಾಲಿನಲ್ಲಿ ಒಂದು ಕಲ್ಲು ಸ್ವಲ್ಪ ಜಾರಿತ್ತು. ಕಲ್ಲಜ್ಜ ಎಂದು ಕೆತ್ತಿದ ಅಮೃತಶಿಲೆಯ ಚೂರನ್ನು ಮಗಳು ತಂದು ತೋರಿಸಿದಳು. ಅವಳಿಗೆ ಈಗ 16. ಅವರು ಅದನ್ನು ಕೈಯಲ್ಲಿ ತಿರುಗಿಸಿ ನೋಡಿದರು. ಜಾರಿದ ಕಲ್ಲನ್ನು ಎತ್ತಿ, ಅದರ ಅಡಿಗೆ ಈ ಚೂರನ್ನು ಅಕ್ಷರ ಹೊರಗೆ ಕಾಣುವ ಹಾಗೆ ಸಿಕ್ಕಿಸಿ ದೊಡ್ಡದನ್ನು ಕೂರಿಸಿದರು. ಕೂತಿತು. ಕೈಯಿಂದ ತಳ್ಳಿ ನೋಡಿದೆವು, ಅಲುಗಾಡಲಿಲ್ಲ.