ಸ್ಯಾಂಕ್ಷನ್: ಮಂಜೂರಾತಿಯೋ, ದಂಡವೋ?

ಗೆಳೆಯರೇ,

ಮೊನ್ನೆ ತಂಗಿಯ ಮಗ 1998ರ ಪೋಖ್ರಾನ್ ಅಣುಪರೀಕ್ಷೆಯ ಬಗ್ಗೆ ಇಂಗ್ಲಿಷಿನಲ್ಲಿ ಓದುತ್ತಿದ್ದ. ಪರೀಕ್ಷೆ ಆದ ಮೇಲೆ ಅಮೆರಿಕ ಭಾರತದ ಮೇಲೆ ಸ್ಯಾಂಕ್ಷನ್ಸ್ ಹೇರಿತು ಎಂದಿತ್ತು. "ಮಾವ, ಸ್ಯಾಂಕ್ಷನ್ ಅಂದ್ರೆ ಮಂಜೂರು ಮಾಡೋದು ಅಲ್ವಾ? ಅಮೆರಿಕ ನಮಗೆ ಏನು ಮಂಜೂರು ಮಾಡ್ತು?" ಎಂದು ಕೇಳಿದ. ಅವನು ಕೇಳಿದ್ದು ಸರಿಯೇ. ನಮ್ಮಲ್ಲಿ ಸಾಲ ಸ್ಯಾಂಕ್ಷನ್ ಆಗುತ್ತದೆ, ರಜೆ ಸ್ಯಾಂಕ್ಷನ್ ಆಗುತ್ತದೆ, ಮನೆಯ ಪ್ಲಾನ್ ಸ್ಯಾಂಕ್ಷನ್ ಆಗುತ್ತದೆ. ಕರೆಂಟಿಗೂ ಸ್ಯಾಂಕ್ಷನ್ಡ್ ಲೋಡ್ ಇದೆ. ಎಲ್ಲ ಕಡೆಯೂ ಒಪ್ಪಿಗೆಯ ಅರ್ಥವೇ. ಅಮೆರಿಕ ಹೇರಿದ್ದು ಮಾತ್ರ ದಂಡದ ಅರ್ಥದ್ದು.

ಎರಡು ಅರ್ಥಕ್ಕೂ ಬೇರು ಒಂದೇ. ಲ್ಯಾಟಿನ್ನಿನ 'ಸಾಂಕೀರೆ' ಎಂದರೆ ಪವಿತ್ರವೆಂದು ಸಾರಿ, ಯಾರೂ ಮೀರದಂತೆ ಕಟ್ಟು ಹಾಕುವುದು. ಸೇಂಟ್ ಎಂಬ ಪದವೂ ಇದೇ ಬೇರಿನದು. ರೋಮನ್ನರ ಕಾಯ್ದೆಯಲ್ಲಿ, ಮೀರಿದವರಿಗೆ ಏನು ದಂಡ ಎಂದು ಹೇಳುವ ಭಾಗಕ್ಕೆ 'ಸಾಂಕ್ಟಿಯೊ' ಎಂಬ ಹೆಸರಿತ್ತು. ಕಟ್ಟು ಹಾಕಿದವರ ಮುದ್ರೆಯಿಂದ ಒಪ್ಪಿಗೆಯ ಅರ್ಥ ಬೆಳೆಯಿತು, ದಂಡದ ಭಾಗದಿಂದ ಶಿಕ್ಷೆಯ ಅರ್ಥ. ನಮ್ಮ 'ಅಪ್ಪಣೆ' ನೋಡಿ. ರಾಜನ ಅಪ್ಪಣೆ ಎಂದರೆ ಆಜ್ಞೆ. "ಅಪ್ಪಣೆ ಕೊಡಿ, ಹೊರಡ್ತೀನಿ" ಎಂದರೆ ಅನುಮತಿ. ಅಧಿಕಾರದ ಮಾತುಗಳು ಹೀಗೆ ಕವಲೊಡೆಯುತ್ತವೆ ಅನ್ನಿಸುತ್ತದೆ.

ದೇಶಗಳ ವಿಷಯದಲ್ಲಿ ಸ್ಯಾಂಕ್ಷನ್ ಹೆಚ್ಚಾಗಿ ಬಹುವಚನದಲ್ಲೇ ಬರುತ್ತದೆ. 1935ರಲ್ಲಿ ಇಟಲಿ ಅಬಿಸೀನಿಯಾದ (ಇಂದಿನ ಇಥಿಯೋಪಿಯಾ) ಮೇಲೆ ದಾಳಿ ಮಾಡಿದಾಗ ರಾಷ್ಟ್ರಗಳ ಸಂಘ (ಲೀಗ್ ಆಫ್ ನೇಷನ್ಸ್) ಇಟಲಿಯ ಮೇಲೆ ಹೇರಿದ್ದು ಇಂಥದ್ದನ್ನೇ. ನಮ್ಮ ಪತ್ರಿಕೆಗಳು ಇದಕ್ಕೆ ಒಮ್ಮೆ 'ನಿರ್ಬಂಧ', ಒಮ್ಮೆ 'ದಿಗ್ಬಂಧನ' ಎಂದು ಬರೆಯುತ್ತವೆ. ನನಗೆ 'ನಿರ್ಬಂಧ'ವೇ ಸರಿ ಕಾಣುತ್ತದೆ. ದಿಗ್ಬಂಧನ ಮಂತ್ರ ಹಾಕುವವರ ಮಾತು, ಎಲ್ಲ ದಿಕ್ಕನ್ನೂ ಕಟ್ಟುವುದು. ಹಡಗುಗಳನ್ನು ನಿಲ್ಲಿಸಿ ಬಂದರು ಮುಚ್ಚಿಸಿದರೆ ಆ ಪದ ಒಪ್ಪುತ್ತದೆ. ಎರಡು ಸರಕಿನ ವ್ಯಾಪಾರ ತಡೆದದ್ದಕ್ಕೆ ಅದು ಜಾಸ್ತಿಯಾಯಿತು.

ನನಗೆ ಬಿಡಿಸಲಾಗದ್ದು ಮೂರನೆಯ ಬಳಕೆ. ಸಮಾಜಶಾಸ್ತ್ರದ ಒಂದು ಪಾಠವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅಲ್ಲಿ ಪಾಸಿಟಿವ್ ಸ್ಯಾಂಕ್ಷನ್, ನೆಗೆಟಿವ್ ಸ್ಯಾಂಕ್ಷನ್ ಎರಡೂ ಇವೆ. ರೀತಿಯಂತೆ ನಡೆದವರನ್ನು ಊರು ಮೆಚ್ಚುವುದು ಮೊದಲನೆಯದು, ಮೀರಿದವರಿಗೆ ದಂಡ ಹಾಕುವುದು, ಮಾತು ಬಿಡುವುದು ಎರಡನೆಯದು. ಮಂಜೂರಾತಿ ಇಲ್ಲಿ ಹೊಂದುವುದೇ ಇಲ್ಲ. ನಿರ್ಬಂಧ ಎಂದರೆ ಮೆಚ್ಚುಗೆ ಬಿಟ್ಟುಹೋಗುತ್ತದೆ. 'ಕಟ್ಟುಪಾಡು' ಎನ್ನೋಣ ಎಂದರೆ ಅದು ನಿಯಮಕ್ಕೇ ಹೆಸರು, ನಿಯಮ ಉಳಿಸುವ ಬಲಕ್ಕಲ್ಲ. ಸದ್ಯಕ್ಕೆ 'ಊರಿನ ಮನ್ನಣೆ', 'ಊರಿನ ದಂಡನೆ' ಎಂದು ಬೇರೆ ಬೇರೆ ಬರೆದಿಟ್ಟಿದ್ದೇನೆ. ಎರಡನ್ನೂ ಹಿಡಿಯುವ ಒಂದೇ ಮಾತು ನಿಮ್ಮ ಕಡೆ ಹಿರಿಯರ ಬಾಯಲ್ಲಿ ಇದೆಯೇ? ಇದ್ದರೆ, ಅವರು ಅದನ್ನು ಯಾವ ಸಂದರ್ಭದಲ್ಲಿ ಆಡುತ್ತಾರೆ ಎಂಬುದನ್ನೂ ದಯವಿಟ್ಟು ಬರೆಯಿರಿ.