ಪದಚರ್ಚೆ: ಮುನ್ಸಿಪಾಲ್ಟಿ ನಲ್ಲಿಗೆ ನೀರು ಬಿಡುವವನು ನೀರುಗಂಟಿಯೇ?

ಎಲ್ಲರಿಗೂ ನಮಸ್ಕಾರ.

ರಾಜಾಜಿ 1917ರಿಂದ 1919ರವರೆಗೆ ಸೇಲಂ ಪುರಸಭೆ ನಡೆಸಿದ ದಿನಗಳ ಬಗ್ಗೆ ಬರೆಯುತ್ತಿದ್ದೇನೆ. ಎರಡು ಕಡೆ ಪದ ಕೂರುತ್ತಿಲ್ಲ.

ಒಂದು ಸಣ್ಣದು. ಅವರನ್ನು ‘ಮೇಯರ್’ ಎನ್ನುವವರಿದ್ದಾರೆ, ನನಗೆ ಒಪ್ಪಿಗೆಯಿಲ್ಲ. ಆಗ ಮದರಾಸು ಪ್ರಾಂತ್ಯದ ಊರುಗಳಿಗೆ ಇದ್ದವರು ಚೇರ್ಮನ್. ಅದೇ ಕಾಲಕ್ಕೆ ಈರೋಡಿನಲ್ಲಿ ಪೆರಿಯಾರ್ ಕೂಡ ಚೇರ್ಮನ್ನರೇ. ಬೆಂಗಳೂರಿಗೇ ಮೇಯರ್ ಬಂದದ್ದು 1949ರಲ್ಲಿ, ಕಾರ್ಪೊರೇಷನ್ ಆದ ಮೇಲೆ. ‘ಪುರಸಭಾಧ್ಯಕ್ಷ’ ತಪ್ಪಲ್ಲ, ಆದರೆ ಕೇಳಿದೊಡನೆ ಈಗಿನ ಮೀಸಲಾತಿ ಪಟ್ಟಿ, ರೆಸಾರ್ಟು ಎಲ್ಲ ಕಣ್ಣಮುಂದೆ ಬರುತ್ತವೆ. ಚೇರ್ಮನ್ ಎಂದೇ ಬಿಡುತ್ತೇನೆ.

ಇನ್ನೊಂದು ನಿಜವಾದ ತೊಡಕು. ಅಗ್ರಹಾರದ ನಲ್ಲಿ ನೀರಿನ ಕೆಲಸಕ್ಕೆ ರಾಜಾಜಿ ದಲಿತನೊಬ್ಬನನ್ನು ಹಾಕಿದರು. ಅಯ್ಯಂಗಾರ್ ಚೇರ್ಮನ್ನರೇ ಹೀಗೆ ಮಾಡಿದ್ದು ಅಲ್ಲಿಯ ಬ್ರಾಹ್ಮಣರನ್ನು ಕೆರಳಿಸಿತು. ಈ ಕೆಲಸಗಾರನನ್ನು ಕನ್ನಡದಲ್ಲಿ ಏನೆನ್ನುವುದು?

ಥಟ್ಟನೆ ನಾಲಿಗೆಗೆ ಬರುವುದು ನೀರುಗಂಟಿ. ಹಳೇ ಮೈಸೂರಿನ ಕಡೆ ಕೆರೆಯ ತೂಬು ಎತ್ತಿ, ಯಾರ ಗದ್ದೆಗೆ ಎಷ್ಟು ನೀರೆಂದು ನೋಡಿಕೊಂಡು, ಸುಗ್ಗಿಯಲ್ಲಿ ಕಣಕ್ಕೆ ಬಂದು ತನ್ನ ಆಯ ಒಯ್ಯುತ್ತಿದ್ದವನು. ಇವತ್ತು ಪಂಚಾಯಿತಿಯಲ್ಲಿ ಮೋಟಾರು ಹಾಕಿ ನೀರು ಬಿಡುವವರೂ ನೀರುಗಂಟಿಗಳೇ. ಅರ್ಥಕ್ಕೇನೂ ಕೊರತೆಯಿಲ್ಲ.

ನನ್ನ ತಕರಾರು ಬೇರೆ. ಕೆರೆಯ ನೀರುಗಂಟಿ ಬಹಳ ಊರುಗಳಲ್ಲಿ ದಲಿತನೇ. ಅವನು ತೂಬು ಮುಟ್ಟಿದ್ದಕ್ಕೆ ಯಾರ ಗದ್ದೆಯೂ ಮೈಲಿಗೆಯಾಗಲಿಲ್ಲ. ಆ ನೀರಲ್ಲಿ ಬೆಳೆದ ಅಕ್ಕಿ ಮಡಿ ಅಡಿಗೆಗೂ ಸಲ್ಲುತ್ತಿತ್ತು. ಸೇಲಂನವರಿಗೆ ಚುಚ್ಚಿದ್ದು ಮನೆಯೊಳಗೆ ಹೋಗುವ ನೀರು. ‘ನೀರುಗಂಟಿಯನ್ನು ನೇಮಿಸಿದರು’ ಎಂದು ಬರೆದರೆ, ಅದರಲ್ಲಿ ವಿಶೇಷವೇನು ಎಂದು ಓದುಗರು ಮುಂದೆ ಹೋಗಿಬಿಡುತ್ತಾರೆ.

ವಾಲ್ವ್‌ಮನ್, ವಾಟರ್‌ಮನ್ ತೀರ ಈಗಿನವು. ‘ನಲ್ಲಿಯವನು’ ಎಂದರೆ ವಾಷರ್ ಬದಲಿಸಲು ಬಂದ ರಿಪೇರಿಯವನು. (ಧಾರವಾಡದ ಕಡೆಯವರಿಗೆ ಅದು ನಳ, ಗೊತ್ತು.)

ಬೀದಿ ನಲ್ಲಿಗೆ ನೀರು ಬಿಡುತ್ತಿದ್ದ ಮುನ್ಸಿಪಾಲ್ಟಿ ಆಳನ್ನು ನಿಮ್ಮ ಮನೆಯ ಹಿರಿಯರು ಏನೆಂದು ಕರೆಯುತ್ತಿದ್ದರು? ಹೊಸೂರಿನ ಕಡೆಯ ಕನ್ನಡಿಗರ ಮಾತು ಸಿಕ್ಕರೆ ಇನ್ನೂ ಒಳ್ಳೆಯದು: ಅದು ಆಗ ಸೇಲಂ ಜಿಲ್ಲೆಯೇ, ರಾಜಾಜಿ ಹುಟ್ಟಿದ ತೊರಪಳ್ಳಿಯೂ ಅಲ್ಲೇ. ಹಳೆಯ ಪುರಸಭೆಗಳ ಸಂಬಳದ ಪಟ್ಟಿಯಲ್ಲಿ ಈ ಹುದ್ದೆಯ ಕನ್ನಡ ಹೆಸರು ಕಂಡವರಿದ್ದರೂ ದಯವಿಟ್ಟು ತಿಳಿಸಿ.