ನನ್ನ ಲೇಖನ, ಬೇರೆಯವರ ಹೆಸರು: ವಕೀಲರಿಗೊಂದು ಪ್ರಶ್ನೆ

ಪ್ರಶ್ನೆ (ನಾಪೋಕ್ಲು ಕಡೆಯ ಸದಸ್ಯೆ):

ವಕೀಲರಿಗೂ ಬಳಗದ ಎಲ್ಲರಿಗೂ ನಮಸ್ಕಾರ. ನಾಲ್ಕು ವರ್ಷಗಳಿಂದ ನನ್ನದೇ ಜಾಲತಾಣದಲ್ಲಿ ನಮ್ಮ ಕಡೆಯ ಅಡುಗೆ, ತೋಟ, ಹಬ್ಬಗಳ ಬಗ್ಗೆ ಬರೆಯುತ್ತಿದ್ದೇನೆ. ಕಳೆದ ವರ್ಷ ಕಾಚಂಪುಳಿ (ಅಡುಗೆಗೆ ಬಳಸುವ ಕೊಡಗಿನ ಕಪ್ಪು ಹುಳಿ) ಕಾಯಿಸುವುದರ ಬಗ್ಗೆ ಒಂದು ಲೇಖನ ಬರೆದೆ. ಹಣ್ಣನ್ನು ಬುಟ್ಟಿಯಲ್ಲಿ ಪೇರಿಸಿ, ಕೆಳಗೆ ಮಡಕೆ ಇಟ್ಟು ರಸ ತೊಟ್ಟಿಕ್ಕಿಸುವುದರಿಂದ ಹಿಡಿದು, ಆ ರಸ ಸೌದೆ ಒಲೆಯ ಮೇಲೆ ಕುದಿದು ಕಪ್ಪಾಗಿ ಮಂದವಾಗುವವರೆಗೆ ಅತ್ತೆಯ ಪಕ್ಕದಲ್ಲೇ ಕುಳಿತು, ನೋಡಿ ಬರೆದದ್ದು.

ಮೊನ್ನೆ ಗಾಳಿಮಳೆಗೆ ನಾಲ್ಕು ದಿನ ಕರೆಂಟೂ ಇರಲಿಲ್ಲ, ನೆಟ್‌ವರ್ಕೂ ಇರಲಿಲ್ಲ. ಬಂದ ಮೇಲೆ ನೋಡಿದರೆ ಹೊರಗಿನ ಊರಿನ ಜಾಲತಾಣವೊಂದರಲ್ಲಿ ಅದೇ ಲೇಖನ ಬೇರೊಬ್ಬರ ಹೆಸರಿನಲ್ಲಿದೆ. ಫೋಟೊ ಕೂಡ ನಮ್ಮದೇ. ‘ಅತ್ತೆ ಸೌಟನ್ನು ಎತ್ತಿ, ಹನಿ ಹೇಗೆ ಬೀಳುತ್ತದೆ ನೋಡು ಎಂದರು’ ಎಂಬ ಸಾಲನ್ನೂ ಹಾಗೆಯೇ ಎತ್ತಿಕೊಂಡಿದ್ದಾರೆ. ಅತ್ತೆಗೆ ಓದಿ ಹೇಳಿದೆ. ಅವರು ಬಹಳ ನೊಂದುಕೊಂಡರು. ನಾನು ಲೇಖನವನ್ನು ಎಲ್ಲಿಯೂ ನೋಂದಣಿ ಮಾಡಿಸಿಲ್ಲ. ಈಗ ಏನಾದರೂ ಮಾಡಲು ಸಾಧ್ಯವೇ?

ಉತ್ತರ (ಮಡಿಕೇರಿಯ ವಕೀಲರು):

ಖಂಡಿತ ಸಾಧ್ಯ, ಮೇಡಂ. ನೋಂದಣಿಯ ಚಿಂತೆಯನ್ನು ಮೊದಲು ಬಿಡಿ. 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯ ಪ್ರಕಾರ ನೀವು ಬರೆದ ಕ್ಷಣದಿಂದಲೇ ಹಕ್ಕು ನಿಮ್ಮದು. ಅದು ನಿಮ್ಮ ಜೀವಿತಾವಧಿಯ ನಂತರವೂ 60 ವರ್ಷ ಉಳಿಯುತ್ತದೆ. ನೋಂದಣಿ ಕಡ್ಡಾಯವಲ್ಲ. ಮಾಡಿಸಿದರೆ ನ್ಯಾಯಾಲಯದಲ್ಲಿ ಅದು ಮೇಲ್ನೋಟದ ಸಾಕ್ಷ್ಯ (ಎದುರಾಗಿ ಬೇರೆ ಪುರಾವೆ ಬರುವವರೆಗೆ ಒಪ್ಪುವ ಸಾಕ್ಷ್ಯ) ಆಗುತ್ತದೆ ಎಂಬುದಷ್ಟೇ ಅದರ ಲಾಭ.

ದಯವಿಟ್ಟು ಅವರಿಗೆ ಇನ್ನೂ ಏನನ್ನೂ ಬರೆಯಬೇಡಿ. ನನ್ನ ಬಳಿ ಬರುವವರಲ್ಲಿ ಹೆಚ್ಚಿನವರು ಇಲ್ಲೇ ಎಡವುತ್ತಾರೆ. ಸಿಟ್ಟಿನಲ್ಲಿ ಮೊದಲು ಸಂದೇಶ ಕಳುಹಿಸುತ್ತಾರೆ, ನಕಲು ಮಾಡಿದವರು ರಾತ್ರೋರಾತ್ರಿ ಪುಟ ಅಳಿಸುತ್ತಾರೆ, ಬೆಳಿಗ್ಗೆ ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಮೊದಲು ಸಾಕ್ಷ್ಯ. ಪುಟದ ಪೂರ್ತಿ ವಿಳಾಸ, ದಿನಾಂಕ ಮತ್ತು ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ. ಜಾಲಪುಟಗಳ ಪ್ರತಿ ಉಳಿಸಿಡುವ ಇಂಟರ್ನೆಟ್ ಆರ್ಕೈವ್‌ನ ‘ವೇಬ್ಯಾಕ್ ಮೆಷಿನ್’ನಲ್ಲಿ ಆ ಪುಟದ ವಿಳಾಸ ಕೊಟ್ಟು ಪ್ರತಿ ಉಳಿಸಿ. ನಿಮ್ಮ ಮೂಲ ಪುಟವನ್ನೂ ಅಲ್ಲಿ ಉಳಿಸಿ. ಆಗ ಮೂರನೆಯವರ ಬಳಿಯೂ ಒಂದು ಪ್ರತಿ ಇದ್ದಂತಾಗುತ್ತದೆ. ನೀವು ಬರೆಯುವಾಗಿನ ಕರಡು, ಟಿಪ್ಪಣಿ ಪುಸ್ತಕ, ಫೋಟೊದ ಮೂಲ ಕಡತ ಇವುಗಳನ್ನು ಯಾವ ಕಾರಣಕ್ಕೂ ಅಳಿಸಬೇಡಿ. ನ್ಯಾಯಾಲಯಕ್ಕೆ ಹೋಗುವುದಾದರೆ ಇಂತಹ ವಿದ್ಯುನ್ಮಾನ ದಾಖಲೆಯ ಜೊತೆಗೆ ಪ್ರಮಾಣಪತ್ರವೂ ಬೇಕು. ಮೊದಲು ಅದನ್ನು ಸಾಕ್ಷ್ಯ ಕಾಯ್ದೆಯ 65ಬಿ ಕಲಮಿನಡಿ ಕೊಡುತ್ತಿದ್ದೆವು. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು ಅನ್ವಯಿಸುತ್ತದೆ.

ಒಂದು ವಿಷಯವನ್ನು ನೇರವಾಗಿ ಹೇಳಬೇಕು. ಕಾಚಂಪುಳಿ ಕಾಯಿಸುವ ವಿಧಾನ ನಿಮ್ಮೊಬ್ಬರ ಸ್ವತ್ತಲ್ಲ. ಅದು ನಮ್ಮ ಜಿಲ್ಲೆಯ ಎಷ್ಟೋ ಮನೆಗಳ ಹಿತ್ತಲಿನ ತಿಳಿವಳಿಕೆ. ವಿಚಾರಕ್ಕೆ ಕೃತಿಸ್ವಾಮ್ಯವಿಲ್ಲ, ಅದನ್ನು ಹೇಳಿದ ರೀತಿಗಿದೆ ಎಂದು ಸುಪ್ರೀಂ ಕೋರ್ಟ್ 1978ರಲ್ಲೇ ಆರ್.ಜಿ. ಆನಂದ್ ಪ್ರಕರಣದಲ್ಲಿ ಹೇಳಿದೆ. ಹಾಗಾಗಿ ಅವರು ತಾವೇ ನೋಡಿ, ತಮ್ಮ ಮಾತಿನಲ್ಲಿ ಬರೆದಿದ್ದರೆ ನಾವು ಕೇಳುವಂತಿರಲಿಲ್ಲ. ಆದರೆ ಆ ಸೌಟಿನ ಸಾಲು ನಿಮ್ಮದು. ಎರಡೂ ಲೇಖನಗಳನ್ನು ಅಕ್ಕಪಕ್ಕ ಇಟ್ಟು ಓದಿ, ಒಂದೇ ತೆರನಾದ ತಪ್ಪುಗಳಿದ್ದರೆ ಗುರುತು ಹಾಕಿ. ಅದಕ್ಕಿಂತ ಗಟ್ಟಿಯಾದ ಪುರಾವೆ ಸಿಗುವುದು ಕಷ್ಟ.

ಪ್ರಶ್ನಿಸಿದವರು:

ಈಗಷ್ಟೇ ಹೋಲಿಸಿ ನೋಡಿದೆ ಸರ್. ಮೂರನೇ ಪ್ಯಾರಾದಲ್ಲಿ ನಾನು ‘ಮಡಕೆ’ ಎನ್ನುವುದನ್ನು ‘ಮಕಡೆ’ ಎಂದು ತಪ್ಪಾಗಿ ಬೆರಳಚ್ಚು ಮಾಡಿದ್ದೆ. ಅವರಲ್ಲೂ ‘ಮಕಡೆ’ ಎಂದೇ ಇದೆ! ನನ್ನದನ್ನು ಈಗ ತಿದ್ದಬಹುದೇ?

ವಕೀಲರು:

ಬೇಡ, ಬೇಡ. ಎರಡರ ಪ್ರತಿಯೂ ಉಳಿಯುವವರೆಗೆ ಮುಟ್ಟಬೇಡಿ. ಆ ಒಂದು ಪದ ನಿಮ್ಮ ಪರವಾಗಿ ಸಾಕ್ಷಿ ಹೇಳುತ್ತದೆ.

ಸೋಮವಾರಪೇಟೆಯ ಶಿಕ್ಷಕರೊಬ್ಬರು:

ಕೆಳಗೆ ‘ಕೃಪೆ: ಅಂತರ್ಜಾಲ’ ಎಂದೋ ‘ಸಂಗ್ರಹ’ ಎಂದೋ ಹಾಕಿದರೆ ಸಾಕಲ್ಲವೇ? ನಾವು ಶಾಲೆಯ ಗೋಡೆ ಪತ್ರಿಕೆಯಲ್ಲಿ ಹಾಗೆಯೇ ಮಾಡುತ್ತೇವೆ.

ವಕೀಲರು:

ಸಾಲದು ಮೇಷ್ಟ್ರೇ. ಅಂತರ್ಜಾಲ ಏನನ್ನೂ ಬರೆಯುವುದಿಲ್ಲ, ಬರೆದವರು ಒಬ್ಬರು ಇರುತ್ತಾರೆ. ಕೃತಿಸ್ವಾಮ್ಯ ಕಾಯ್ದೆಯ 57ನೇ ಕಲಮು ಲೇಖಕರಿಗೆ ‘ಇದು ನನ್ನ ಬರಹ’ ಎಂದು ಹೇಳಿಕೊಳ್ಳುವ ಹಕ್ಕನ್ನು ಕೊಟ್ಟಿದೆ. ಕೃತಿಸ್ವಾಮ್ಯವನ್ನು ಬೇರೆಯವರಿಗೆ ಬರೆದುಕೊಟ್ಟ ಮೇಲೂ ಆ ಹಕ್ಕು ಅವರಲ್ಲೇ ಉಳಿಯುತ್ತದೆ. ಇನ್ನೊಂದು ಕಡೆ, ಹೆಸರು ಹಾಕಿದ ಮಾತ್ರಕ್ಕೆ ಪೂರ್ತಿ ಲೇಖನವನ್ನು ಮರುಪ್ರಕಟಿಸುವ ಅನುಮತಿ ಸಿಕ್ಕಂತೆಯೂ ಆಗುವುದಿಲ್ಲ. ವಿಮರ್ಶೆಗೋ ಚರ್ಚೆಗೋ ನಾಲ್ಕು ಸಾಲು ಎತ್ತಿಕೊಂಡು ಯಾರದೆಂದು ಹೇಳುವುದು ಬೇರೆ, ಇಡೀ ಲೇಖನವನ್ನು ತಂದು ಹಾಕುವುದು ಬೇರೆ. ಮಕ್ಕಳ ಗೋಡೆ ಪತ್ರಿಕೆಯ ಮೇಲೆ ಯಾರೂ ದಾವೆ ಹೂಡುವುದಿಲ್ಲ, ಹೆದರಬೇಡಿ. ಆದರೆ ಬರೆದವರ ಹೆಸರನ್ನು ಹುಡುಕಿ ಬರೆಯುವುದನ್ನು ಮಕ್ಕಳು ನಿಮ್ಮಿಂದಲೇ ಕಲಿಯಬೇಕು.

ಗೋಣಿಕೊಪ್ಪದ ಕಾಫಿ ಬೆಳೆಗಾರರೊಬ್ಬರು:

ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ತಡವಾದಾಗ ರೊಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ನೀರು ಕೊಟ್ಟ ಅನುಭವವನ್ನು ನಾನು ಬರೆದಿದ್ದೆ. ಅದನ್ನು ಒಬ್ಬರು ಇಂಗ್ಲಿಷಿಗೆ ಮಾಡಿ ತಮ್ಮ ಹೆಸರಿನಲ್ಲಿ ಹಾಕಿಕೊಂಡಿದ್ದಾರೆ. ಭಾಷೆ ಬೇರೆಯಾದರೆ ಹಕ್ಕು ಹೋಗುತ್ತದೆಯೇ?

ವಕೀಲರು:

ಹೋಗುವುದಿಲ್ಲ. ಅನುವಾದದ ಹಕ್ಕೂ ಮೂಲ ಲೇಖಕರದೇ. ಅನುಮತಿ ಬೇಕು, ಹೆಸರೂ ಬೇಕು.

ಈಗ ನಾಪೋಕ್ಲಿನ ಮೇಡಂ ಅವರ ವಿಷಯಕ್ಕೆ ಬರುತ್ತೇನೆ. ಸಾಕ್ಷ್ಯ ಸಿದ್ಧವಾದ ಮೇಲೆ ಆ ಜಾಲತಾಣದವರಿಗೆ ಇಮೇಲ್ ಮಾಡಿ. ನಿಮ್ಮ ಪುಟದ ಕೊಂಡಿ, ಅವರ ಪುಟದ ಕೊಂಡಿ, ನೀವು ಪ್ರಕಟಿಸಿದ ದಿನಾಂಕ, ನಿಮಗೆ ಬೇಕಾದದ್ದು ಏನು, ಎಷ್ಟು ದಿನದೊಳಗೆ ಬೇಕು ಎಂಬುದಿಷ್ಟೇ ಇರಲಿ. ಬೈಗುಳವಾಗಲಿ, ಜೈಲಿಗೆ ಕಳುಹಿಸುತ್ತೇನೆ ಎಂಬ ಮಾತಾಗಲಿ ಬೇಡ. ಕೃತಿಸ್ವಾಮ್ಯ ಕಾಯ್ದೆಯ 63ನೇ ಕಲಮಿನಲ್ಲಿ 6 ತಿಂಗಳಿಂದ 3 ವರ್ಷದವರೆಗೆ ಸೆರೆವಾಸ, 50,000ದಿಂದ 2 ಲಕ್ಷ ರೂಪಾಯಿಯವರೆಗೆ ದಂಡ ಇರುವುದು ನಿಜ. ಆದರೂ ಮೊದಲ ಪತ್ರಕ್ಕೆ ಅದರ ಅಗತ್ಯವಿಲ್ಲ.

ಅವರು ಉತ್ತರಿಸದಿದ್ದರೆ ಅವರ ಹೋಸ್ಟಿಂಗ್ ಸಂಸ್ಥೆಗೂ (ತಾಣವನ್ನು ತನ್ನ ಸರ್ವರ್‌ನಲ್ಲಿ ಇಟ್ಟುಕೊಂಡಿರುವ ಸಂಸ್ಥೆ) ಗೂಗಲ್‌ಗೂ ದೂರು ಕೊಡಿ. ಅಂತಹ ಸಂಸ್ಥೆ ಅಮೆರಿಕದ್ದಾದರೆ ಅಲ್ಲಿನ 1998ರ ಡಿಎಂಸಿಎ (ಡಿಜಿಟಲ್ ಕೃತಿಸ್ವಾಮ್ಯ) ಕಾಯ್ದೆಯಂತೆ ದೂರಿನ ನಮೂನೆ ಅವರ ತಾಣದಲ್ಲೇ ಇರುತ್ತದೆ. ಅದನ್ನು ತುಂಬಲು ವಕೀಲರು ಬೇಕಿಲ್ಲ, ನೀವೇ ತುಂಬಬಹುದು. ನಮ್ಮ ಕಾಯ್ದೆಯಲ್ಲಿಯೂ, ಕೊಂಡಿ ಒದಗಿಸುವ ಮಧ್ಯವರ್ತಿಗಳು ಲಿಖಿತ ದೂರು ಬಂದ 36 ಗಂಟೆಯೊಳಗೆ ಆ ಪುಟವನ್ನು ತಡೆಹಿಡಿಯಬೇಕೆಂಬ ನಿಯಮವಿದೆ. 21 ದಿನಗಳೊಳಗೆ ನ್ಯಾಯಾಲಯದ ಆದೇಶ ತಲುಪದಿದ್ದರೆ ಅವರು ಮತ್ತೆ ತೆರೆಯಬಹುದು. ಈ 21 ದಿನವನ್ನು ನೆನಪಿನಲ್ಲಿಡಿ.

ದಾವೆಯವರೆಗೂ ಹೋದರೆ ನೀವು ಅವರ ಊರಿಗೆ ಅಲೆಯಬೇಕಾಗಿಲ್ಲ. ಸಾಮಾನ್ಯ ದಾವೆಗಳಿಗೆ ಪ್ರತಿವಾದಿಯ ಊರನ್ನು ನೋಡುತ್ತಾರೆ. ಕೃತಿಸ್ವಾಮ್ಯದಲ್ಲಿ 62ನೇ ಕಲಮು, ಹಕ್ಕುದಾರರು ವಾಸವಿರುವ ಜಿಲ್ಲೆಯ ನ್ಯಾಯಾಲಯದಲ್ಲೇ ದಾವೆ ಹೂಡಲು ಅವಕಾಶ ಕೊಟ್ಟಿದೆ. ನಿಮಗೆ ಮಡಿಕೇರಿ ಸಾಕು.

ಅಂದ ಹಾಗೆ, ಆ ಫೋಟೊ ತೆಗೆದವರು ಯಾರು?

ಪ್ರಶ್ನಿಸಿದವರು:

ನಮ್ಮ ಭಾವನ ಮಗ ಸರ್, ಅವನ ಮೊಬೈಲಿನಲ್ಲಿ.

ವಕೀಲರು:

ಹಾಗಾದರೆ ಫೋಟೊದ ಹಕ್ಕು ಅವನದು. ಅವನೇ ದೂರು ಕೊಡಬೇಕು, ಇಲ್ಲವೇ ಆ ಹಕ್ಕನ್ನು ನಿಮಗೆ ವರ್ಗಾಯಿಸಿ ಬರವಣಿಗೆಯಲ್ಲಿ ಸಹಿ ಹಾಕಿಕೊಡಬೇಕು. ಮನೆಯವನೇ ಎಂದು ಬಾಯಿಮಾತಿಗೆ ಬಿಡಬೇಡಿ.

ಮುಂದಿನ ಲೇಖನಗಳಿಗೆ ಒಂದು ಮಾತು. ಹೆಸರನ್ನು ಕೊನೆಯಲ್ಲಿ ಮಾತ್ರ ಹಾಕಿದರೆ ವಾಟ್ಸಾಪ್‌ನಲ್ಲಿ ಹಂಚುವವರು ಆ ಒಂದು ಸಾಲನ್ನು ಬಿಟ್ಟು ಉಳಿದದ್ದನ್ನು ಕಳುಹಿಸುತ್ತಾರೆ. ಲೇಖನದ ನಡುವೆಯೇ ನಿಮ್ಮ ಊರು, ನಿಮ್ಮ ಹಿಂದಿನ ಲೇಖನದ ಕೊಂಡಿ, ನಿಮ್ಮ ಹೆಸರು ಬರುವಂತೆ ಬರೆಯಿರಿ. ಫೀಡ್‌ನಲ್ಲಿ (ಹೊಸ ಲೇಖನಗಳನ್ನು ತಾನಾಗಿ ಹೊರಗೆ ಕಳುಹಿಸುವ ವ್ಯವಸ್ಥೆ) ಪೂರ್ತಿ ಲೇಖನ ಹೋಗದೆ ಮೊದಲ ಪ್ಯಾರಾ ಮಾತ್ರ ಹೋಗುವಂತೆ ಬದಲಾಯಿಸಿ. ತಾನಾಗಿಯೇ ನಕಲು ಮಾಡುವ ತಾಣಗಳು ಅಲ್ಲಿಂದಲೇ ಎತ್ತುತ್ತವೆ. ಯಾವ ಷರತ್ತಿನ ಮೇಲೆ ಮರುಪ್ರಕಟಿಸಬಹುದು ಎಂಬುದನ್ನೂ ಎರಡು ಸಾಲಿನಲ್ಲಿ ಬರೆದಿಡಿ. ಪ್ರಾಮಾಣಿಕವಾಗಿ ಕೇಳುವವರಿಗೆ ದಾರಿ ಇರಬೇಕಲ್ಲ.

ಪ್ರಶ್ನಿಸಿದವರು (ಹತ್ತು ದಿನಗಳ ನಂತರ):

ಸರ್, ನೀವು ಹೇಳಿದಂತೆ ಇಮೇಲ್ ಮಾಡಿದೆ, ‘ಮಕಡೆ’ಯ ಎರಡು ಚಿತ್ರಗಳನ್ನೂ ಲಗತ್ತಿಸಿದೆ. ಮೂರನೇ ದಿನ ಅವರು ಕ್ಷಮೆ ಕೇಳಿ, ನನ್ನ ಹೆಸರು ಮತ್ತು ಕೊಂಡಿ ಹಾಕುತ್ತೇವೆ, ಲೇಖನ ಅಲ್ಲಿಯೇ ಇರಲಿ ಎಂದರು. ಒಪ್ಪಲೇ?

ವಕೀಲರು:

ಅದು ಪೂರ್ತಿ ನಿಮ್ಮ ಇಷ್ಟ. ಒಪ್ಪುವುದಾದರೆ ಹೆಸರು ಶೀರ್ಷಿಕೆಯ ಕೆಳಗೇ ಬರಬೇಕು ಎಂದು ಬರವಣಿಗೆಯಲ್ಲಿ ಕೇಳಿ.

ಪ್ರಶ್ನಿಸಿದವರು:

ತೆಗೆಯಿರಿ ಎಂದು ಬರೆದೆ ಸರ್. ಅತ್ತೆಯನ್ನು ಕೇಳಿದ್ದೆ, ‘ನಮ್ಮ ಮನೆಯ ಮಾತು ನಮ್ಮ ಮನೆಯಲ್ಲೇ ಇರಲಿ’ ಎಂದರು. ಇಂದು ಬೆಳಿಗ್ಗೆ ನೋಡಿದೆ, ಪುಟ ಇಲ್ಲ. ಈಗ ‘ಮಕಡೆ’ಯನ್ನು ‘ಮಡಕೆ’ ಎಂದು ತಿದ್ದಿದೆ.